ಪೇಸ್ಟಿಗೆ ಸೋಡಾ, ಮಾತಿಗೆ ಇನ್ನೂ ಸೋಡಾ

ಬೋಂಡಾ ಹಿಟ್ಟಿಗೆ ಚಿಟಿಕೆ ಸೋಡಾ ಯಾಕೆ ಹಾಕ್ತಾರೆ ಅಂತ ದೊಡ್ಡಬಳ್ಳಾಪುರ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ: ಉಬ್ಬಲಿ ಅಂತ. ಹಿಟ್ಟು ಇದ್ದಷ್ಟೇ ಇರುತ್ತೆ, ಬೋಂಡಾ ಮಾತ್ರ ದಪ್ಪಗೆ ಕಾಣುತ್ತೆ. ಅದರಲ್ಲಿ ಮೋಸ ಏನಿಲ್ಲ. ಬಿಸಿಬಿಸಿ ಇರುತ್ತೆ, ತಿಂದು ಟೀ ಕುಡಿದು ಬಸ್ ಹತ್ತುತೀವಿ. ಅದೇ ಸೋಡಾ ಈಗ ಹಲ್ಲುಜ್ಜೋ ಪೇಸ್ಟಿಗೂ ಬಂದಿದೆ. ಆನ್‌ಲೈನಲ್ಲಿ 'ಬೇಕಿಂಗ್ ಸೋಡಾ ಟೂತ್‌ಪೇಸ್ಟ್' ಅಂತ ಹುಡುಕಿದ್ರೆ ಪುಟಗಟ್ಟಲೆ ಸಿಗುತ್ತೆ. ಎಲ್ಲದರ ಮೇಲೂ ಬೆಳ್ಳನೆ ಹಲ್ಲಿನ ಚಿತ್ರ, ಎಲ್ಲದರ ಮೇಲೂ ಹೊಳಪಿನ ಭರವಸೆ. ಇಲ್ಲಿ ಸೋಡಾ ಉಬ್ಬಿಸ್ತಾ ಇರೋದು ಪೇಸ್ಟನ್ನಲ್ಲ, ಮಾತನ್ನ. ಆ ಮಾತಿನಲ್ಲಿ ಹಿಟ್ಟು ಎಷ್ಟು, ಗಾಳಿ ಎಷ್ಟು ಅಂತ ನೋಡೋದು ಈ ಬರಹದ ಕೆಲಸ.

ಮೊದಲೇ ಹೇಳಿಬಿಡ್ತೀನಿ, ನಾನು ದಂತವೈದ್ಯ ಅಲ್ಲ. ಓದಿದ್ದು ಬಿಇ, ಬೆಳೆದದ್ದು ದೊಡ್ಡಬಳ್ಳಾಪುರ ತಾಲೂಕಿನ ಹಳ್ಳೀಲಿ, ದುಡಿಯೋದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನೀಲಿ. ಕಂಪನಿಗಳು ತಮ್ಮ ಸರಕಿನ ಬಗ್ಗೆ ಏನನ್ನ ದೊಡ್ಡಕ್ಷರದಲ್ಲಿ ಬರೀತವೆ, ಏನನ್ನ ಸಣ್ಣಕ್ಷರಕ್ಕೆ ತಳ್ಳತವೆ ಅನ್ನೋದು ನನಗೆ ದಿನಾ ಕಾಣೋ ವಿಷಯ. ಪೇಸ್ಟಿನ ಟ್ಯೂಬನ್ನೂ ಅದೇ ಕಣ್ಣಲ್ಲಿ ಓದಿದೀನಿ, ಅಷ್ಟೆ.

ಈ ಸೋಡಾ ಹಲ್ಲಿನವರೆಗೂ ಹೇಗೆ ಬಂತು ಅನ್ನೋ ಕಥೆ ಚೆನ್ನಾಗಿದೆ. ಅಮೆರಿಕದಲ್ಲಿ 1846ರಲ್ಲಿ ಜಾನ್ ಡ್ವೈಟ್ ಮತ್ತು ಆಸ್ಟಿನ್ ಚರ್ಚ್ ಅನ್ನೋರು ಅಡುಗೆ ಸೋಡಾ ಮಾರೋಕೆ ಶುರು ಮಾಡಿದ್ರು. ಸುತ್ತಿಗೆ ಹಿಡಿದ ತೋಳಿನ ಗುರುತಿನ 'ಆರ್ಮ್ ಅಂಡ್ ಹ್ಯಾಮರ್' ಬ್ರಾಂಡು ಆ ವಂಶದ್ದೇ. ಆಗಿನ ಕಾಲಕ್ಕೆ ಮನೆಮನೇಲೂ ಬ್ರೆಡ್ಡು, ಕೇಕು ಸುಡ್ತಿದ್ರು, ಸೋಡಾ ಖರ್ಚಾಗ್ತಿತ್ತು. ಆಮೇಲೆ ಜನ ಬೇಕರಿಯಿಂದ ತರೋದನ್ನ ಕಲಿತ್ರು, ಡಬ್ಬಿ ಮನೇಲಿ ಹಾಗೇ ಉಳೀತು. 1972ರಲ್ಲಿ ಕಂಪನಿ ಹೊಸ ಉಪಾಯ ಹೂಡ್ತು. ಡಬ್ಬಿ ತೆರೆದು ಫ್ರಿಜ್ಜಿನಲ್ಲಿ ಇಡಿ, ವಾಸನೆ ಹೋಗುತ್ತೆ ಅಂತ ಜಾಹೀರಾತು ಕೊಡ್ತು. ಜನ ಇಟ್ರು. 1988ರಲ್ಲಿ ಅದೇ ಬ್ರಾಂಡಿನ ಪೇಸ್ಟ್ ಬಂತು. ಅಮೆರಿಕದ ಅಜ್ಜಿಯರು ಸೋಡಾ ಪುಡೀಲಿ ಹಲ್ಲುಜ್ಜುತಿದ್ದದ್ದು ನಿಜ. ಆ ಅಜ್ಜಿಯ ನೆನಪಿಗೆ ಪುದೀನದ ರುಚಿ ಸೇರಿಸಿ ಟ್ಯೂಬಿಗೆ ತುಂಬಿದ್ರು.

ನಮ್ಮಲ್ಲೂ ಇದೇ ಆಟ ನಡೆದಿದೆ, ಸೋಡಾ ಬದಲು ಉಪ್ಪು, ಇದ್ದಿಲು. ದೂರದರ್ಶನದ ಕಾಲದ ಕೋಲ್ಗೇಟ್ ಹಲ್ಲುಪುಡಿಯ ಜಾಹೀರಾತು ನೆನಪಿದೆಯಾ? ಮೈಕೈಗೆ ಅಷ್ಟೆಲ್ಲಾ ಆರೈಕೆ ಮಾಡ್ಕೊಳ್ಳೋ ಪೈಲ್ವಾನ, ಹಲ್ಲಿಗೆ ಮಾತ್ರ ಇದ್ದಿಲಾ ಅಂತ ಗೇಲಿ ಮಾಡಿದ್ರು. ಅದನ್ನ ನೋಡಿ ಎಷ್ಟೋ ಹಳ್ಳಿ ಮನೆಗಳಲ್ಲಿ ಇದ್ದಿಲು, ಬೂದಿ, ಇಟ್ಟಿಗೆ ಪುಡಿ ಬಚ್ಚಲಿನಿಂದ ಆಚೆ ಹೋದವು. ಹೋಗಿದ್ದು ಒಳ್ಳೇದೇ, ಇಟ್ಟಿಗೆ ಪುಡಿ ಹಲ್ಲನ್ನ ಸವೆಸುತ್ತೆ. ಆದ್ರೆ ಒಂದು ತಲೆಮಾರು ಕಳೆಯೋ ಹೊತ್ತಿಗೆ ಅದೇ ಬ್ರಾಂಡು ಟೀವೀಲಿ ಬಂದು, ನಿಮ್ಮ ಪೇಸ್ಟಿನಲ್ಲಿ ಉಪ್ಪಿದೆಯಾ ಅಂತ ಕೇಳ್ತು. ಈಗ ಇದ್ದಿಲಿನ ಪೇಸ್ಟೂ ಇಟ್ಟಿದೆ. ಮೊದಲು ಅಜ್ಜಿಗೆ ನಾಚಿಕೆ ಆಗೋ ಹಾಗೆ ಮಾಡಿ ಅವಳ ಕೈಯಿಂದ ಕಿತ್ತುಕೊಂಡರು, ಆಮೇಲೆ ಅದನ್ನೇ ಮೊಮ್ಮಕ್ಕಳಿಗೆ ದುಡ್ಡಿಗೆ ಮಾರಿದ್ರು. ಇದಕ್ಕೆ ಹೋಲಿಸಿದ್ರೆ ನಮ್ಮ ನಂಜನಗೂಡು ಹಲ್ಲುಪುಡೀನೇ ವಾಸಿ. 1913ರಲ್ಲಿ ಬಿ.ವಿ. ಪಂಡಿತರು ಶುರು ಮಾಡಿದ ಸದ್ವೈದ್ಯಶಾಲೆಯದ್ದು. ಅದರಿಂದ ಹಲ್ಲು ಹುಳುಕಾಗಲ್ಲ ಅಂತ ನಾನು ಹೇಳ್ತಿಲ್ಲ. ಅದು ಹಿಂದೆ ಯಾರನ್ನೋ ಗೇಲಿ ಮಾಡಿ, ಈಗ ಅವರ ವೇಷ ಹಾಕ್ಕೊಂಡು ಬಂದಿಲ್ಲ ಅಂತಷ್ಟೇ ಹೇಳ್ತಿದೀನಿ.

ಇರ್ಲಿ. ಈಗ ಸೋಡಾಗೆ ಸಲ್ಲಬೇಕಾದ್ದನ್ನ ಸಲ್ಲಿಸೋಣ.

ವಾಟ್ಸಾಪಿನಲ್ಲಿ ಸೋಡಾ ಬಗ್ಗೆ ಎರಡು ಪಂಗಡ. ಒಂದು 'ಸೋಡಾ ಹಾಕಿ ಉಜ್ಜಿ, ವಾರದಲ್ಲಿ ಮುತ್ತಿನ ಹಲ್ಲು' ಅನ್ನುತ್ತೆ. ಇನ್ನೊಂದು 'ಸೋಡಾ ಹಲ್ಲನ್ನ ಉಪ್ಪುಕಾಗದದ ಥರ ಉಜ್ಜಿ ತೆಗೆಯುತ್ತೆ' ಅನ್ನುತ್ತೆ. ಎರಡೂ ಉಬ್ಬಿದ ಮಾತೇ. ಪೇಸ್ಟ್ ಎಷ್ಟು ಒರಟು ಅಂತ ಅಳೆಯೋಕೆ ಆರ್‌ಡಿಎ ಅಂತ ಒಂದು ಅಳತೆ ಇದೆ. ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಪೇಸ್ಟು 250 ದಾಟಬಾರದು. ಬರೀ ಅಡುಗೆ ಸೋಡಾದ ಅಂಕಿ 7ರ ಆಸುಪಾಸು. ಅಂದ್ರೆ ಪೇಸ್ಟಿಗೆ ಹಾಕೋ ಉಜ್ಜೋ ಪದಾರ್ಥಗಳಲ್ಲಿ ಇದು ಬಹಳ ಮೆದು. ನೀರಿಗೆ ಬಿದ್ದರೆ ಕರಗೋ ಹರಳು, ಹಲ್ಲಿನ ಎನಾಮಲ್‌ಗಿಂತ ಎಷ್ಟೋ ಮೃದು. ಆದ್ದರಿಂದ ಸೋಡಾ ಪೇಸ್ಟು ಹಲ್ಲನ್ನ ತಿಂದುಹಾಕುತ್ತೆ ಅನ್ನೋ ಹೆದರಿಕೆ ಬೇಡ. ಹಾಗಂತ ಸೋಡಾ ಇರೋ ಪೇಸ್ಟೆಲ್ಲಾ ಮೆದು ಅಂತಲೂ ಅಲ್ಲ. ಅದರ ಜೊತೆ ಸಿಲಿಕಾ ಎಷ್ಟು ಬೆರೆಸಿದಾರೆ ಅನ್ನೋದರ ಮೇಲೆ ಹೋಗುತ್ತೆ.

ಎರಡನೇದು, ಹುಳಿ ಕಳೆಯೋ ಗುಣ. ನಾವು ಸಿಹಿ ತಿಂದಾಗ ಬಾಯೊಳಗಿನ ಬ್ಯಾಕ್ಟೀರಿಯಾಗಳೂ ತಿನ್ನತವೆ. ತಿಂದು ಆಮ್ಲ ಬಿಡತವೆ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದ್ರೆ ಎನಾಮಲ್ಲಿನಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಆಚೆ ಬರುತ್ತೆ. ಆಮೇಲೆ ಎಂಜಲು ಆ ಹುಳೀನ ನಿಧಾನಕ್ಕೆ ತೊಳೆದು, ಕರಗಿದ್ದರಲ್ಲಿ ಒಂದಷ್ಟನ್ನ ವಾಪಸ್ ಕೂರಿಸುತ್ತೆ. ಇದಕ್ಕೆ ಅರ್ಧ ಮುಕ್ಕಾಲು ಗಂಟೆ ಬೇಕು. ಸೋಡಾ ಕ್ಷಾರ, ನೀರಿನಲ್ಲಿ ಕರಗಿದಾಗ ಪಿಎಚ್ ಸುಮಾರು 8.3. ಹಾಗಾಗಿ ಉಜ್ಜಿದಾಗ ಬಾಯಿಯ ಹುಳಿ ಕಳೆಯುತ್ತೆ, ವಾಸನೇನೂ ಸ್ವಲ್ಪ ತಗ್ಗುತ್ತೆ. ಕಾಫಿ, ಟೀ, ಎಲೆ ಅಡಿಕೆಯಿಂದ ಹಲ್ಲಿನ ಮೇಲೆ ಕೂತ ಕರೆಯನ್ನೂ ತಿಳಿ ಮಾಡುತ್ತೆ. ಹಲ್ಲಿನ ಮೇಲಿನ ಪಾಚಿ ವಿಷಯಕ್ಕೆ ಬಂದ್ರೆ, ಸೋಡಾ ಇರೋ ಪೇಸ್ಟಿನಿಂದ ಒಂದು ಸಲ ಉಜ್ಜಿದಾಗ ಸ್ವಲ್ಪ ಜಾಸ್ತಿ ಹೋಗುತ್ತೆ ಅಂತ ಪರೀಕ್ಷೆಗಳಲ್ಲಿ ಕಂಡಿದೆ. ವಸಡಿನ ರಕ್ತ ತುಸು ಕಮ್ಮಿ ಆಗೋದೂ ಕಂಡಿದೆ. ವರ್ಷಗಟ್ಟಲೆ ಉಜ್ಜಿದ್ರೆ ದೊಡ್ಡ ವ್ಯತ್ಯಾಸ ಆಗುತ್ತೆ ಅನ್ನೋಕೆ ಅಂಥಾ ಗಟ್ಟಿ ಆಧಾರ ಇಲ್ಲ. ಅಮೆರಿಕದ ದಂತವೈದ್ಯರ ಸಂಘದ ಪತ್ರಿಕೆ 2017ರಲ್ಲಿ ಸೋಡಾ ಬಗ್ಗೇನೇ ಒಂದು ವಿಶೇಷ ಪುರವಣಿ ತಂತು. ಒಳ್ಳೆ ಮಾತುಗಳು ಬಹಳ ಇದ್ವು. ಆ ಪುರವಣಿಯ ಹಿಂದೆ ಆರ್ಮ್ ಅಂಡ್ ಹ್ಯಾಮರ್ ಕಂಪನಿಯ ನೆರವಿತ್ತು ಅನ್ನೋದನ್ನೂ ಜೊತೆಗೇ ಓದಿಕೊಳ್ಳಬೇಕು. ಅದರಿಂದ ಅಲ್ಲಿರೋದೆಲ್ಲಾ ಸುಳ್ಳಾಗಲ್ಲ. ಓದೋವಾಗ ಉಪ್ಪಿನಕಾಯಿ ಥರ ಸ್ವಲ್ಪ ಸ್ವಲ್ಪ ನಂಚಿಕೊಳ್ಳಬೇಕು, ಅಷ್ಟೆ.

ಇದು ಸೋಡಾದ ಕೆಲಸ. ಕೆಟ್ಟದ್ದೇನಲ್ಲ, ದೊಡ್ಡದೂ ಅಲ್ಲ. ಯಾಕೆ ದೊಡ್ಡದಲ್ಲ ಅಂದ್ರೆ, ನಾವು ಹಲ್ಲುಜ್ಜೋದು ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ. ಬಾಯಿ ಮುಕ್ಕಳಿಸಿದ ಮೇಲೆ ಸೋಡಾ ಹೊರಟೋಗುತ್ತೆ. ಹತ್ತು ಗಂಟೆಗೆ ಟೀ ಜೊತೆ ಬಿಸ್ಕತ್ತು, ನಾಲ್ಕು ಗಂಟೆಗೆ ಇನ್ನೊಂದು ಟೀ, ಸ್ಕೂಲಿಂದ ಬಂದ ಮಗು ತಿನ್ನೋ ಐದು ರೂಪಾಯಿ ಪ್ಯಾಕೆಟ್ಟು, ಇವು ಬಂದಾಗ ಸೋಡಾ ಅಲ್ಲಿರಲ್ಲ. ಹುಳುಕು ತಡೆಯೋಕೆ ಹಲ್ಲಿನ ಮೇಲೆ ಏನಾದ್ರೂ ಉಳೀಬೇಕು. ಹಾಗೆ ಉಳಿಯೋದು ಫ್ಲೋರೈಡ್. ಅದು ಎಂಜಲಿನಲ್ಲಿ, ಪಾಚಿಯಲ್ಲಿ ಗಂಟೆಗಟ್ಟಲೆ ನಿಂತು, ಕರಗಿದ ಎನಾಮಲ್ ಮತ್ತೆ ಕಟ್ಟಿಕೊಳ್ಳೋಕೆ ಸಹಾಯ ಮಾಡುತ್ತೆ. ಹಾಗೆ ಕಟ್ಟಿಕೊಂಡ ಪದರ ಹುಳಿಗೆ ಮೊದಲಿನಷ್ಟು ಸುಲಭವಾಗಿ ಕರಗಲ್ಲ. ಹುಳುಕು ತಡೆಯೋದರಲ್ಲಿ ಪೇಸ್ಟಿನ ಯಾವ ಪದಾರ್ಥಕ್ಕೂ ಇಲ್ಲದಷ್ಟು ಪುರಾವೆ ಫ್ಲೋರೈಡಿಗೆ ಇದೆ. ಸೋಡಾ ಪೇಸ್ಟು ಹುಳುಕು ತಡೀತು ಅಂದ್ರೆ, ಆ ಕೆಲಸ ಮಾಡಿದ್ದು ಅದರೊಳಗಿನ ಫ್ಲೋರೈಡು, ಹೆಸರು ತಗೊಂಡಿದ್ದು ಸೋಡಾ. ಫ್ಲೋರೈಡೇ ಇಲ್ಲದ ಸೋಡಾ ಪೇಸ್ಟೂ ಮಾರುಕಟ್ಟೇಲಿದೆ, 'ಫ್ಲೋರೈಡ್ ಫ್ರೀ' ಅಂತ ಹೆಮ್ಮೆಯಿಂದ ಬರ್ಕೊಂಡು.

ಇಲ್ಲಿಗೆ ಬಂದಾಗ ನಮ್ಮ ಜಿಲ್ಲೆಯವರಿಗೆ ಒಂದು ತೊಡಕು ಬರುತ್ತೆ. ನನಗೆ ಈ ವಿಷಯ ಬರೀಲೇಬೇಕು ಅನ್ನಿಸಿದ್ದೇ ಅದಕ್ಕೆ.

ನಮ್ಮಕ್ಕನ ಮಗಳು ಪಿಯುಸಿ ಓದ್ತಿದಾಳೆ. ಚೂಟಿ ಹುಡುಗಿ. ಆದ್ರೆ ಫೋಟೋ ತೆಗೆಯೋವಾಗ ಬಾಯಿ ಬಿಡಲ್ಲ, ನಗು ಬಂದ್ರೆ ಕೈ ಅಡ್ಡ ಹಿಡೀತಾಳೆ. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆ, ಅಲ್ಲಲ್ಲಿ ಸುಣ್ಣದಂಥಾ ಬಿಳಿ ಮಚ್ಚೆ. ಕ್ಲಾಸಲ್ಲಿ ಯಾರೋ ಹಲ್ಲುಜ್ಜಲ್ವಾ ಅಂತ ಕೇಳಿದ್ರಂತೆ. ಅವಳು ಕೂಡಿಟ್ಟ ದುಡ್ಡಲ್ಲಿ ಆನ್‌ಲೈನಲ್ಲಿ ಸೋಡಾ ಪೇಸ್ಟ್ ತರಿಸಿ ದಿನಕ್ಕೆ ಮೂರು ಸಲ ಉಜ್ಜೋಕೆ ಶುರು ಮಾಡಿದ್ಲು. ಅಕ್ಕ ಫೋನಿನಲ್ಲಿ, 'ನೋಡೋ, ಇವಳು ಉಜ್ಜಿ ಉಜ್ಜಿ ವಸಡಲ್ಲಿ ರಕ್ತ ಬರಿಸ್ಕೊಂಡವ್ಳೆ, ನೀನಾದ್ರೂ ಹೇಳು' ಅಂದ್ಲು. ಊರಿಗೆ ಹೋದಾಗ ಮಗಳು ಟ್ಯೂಬು ತಂದು ತೋರಿಸಿ, 'ಮಾವ, ಎಷ್ಟು ದಿನಕ್ಕೆ ಬೆಳ್ಳಗಾಗುತ್ತೆ ಅಂತ ಇದರಲ್ಲಿ ಬರೆದೇ ಇಲ್ಲ' ಅಂದ್ಲು.

ಬರೆದಿರಲ್ಲ. ಯಾಕಂದ್ರೆ ಆಗೋದೇ ಇಲ್ಲ. ಅವಳ ಹಲ್ಲಿನ ಕರೆ ಹಲ್ಲಿನ ಮೇಲೆ ಕೂತಿದ್ದಲ್ಲ, ಹಲ್ಲಿನ ಜೊತೆ ಹುಟ್ಟಿದ್ದು. ಅದಕ್ಕೆ ದಂತ ಫ್ಲೋರೋಸಿಸ್ ಅಂತಾರೆ. ಹಾಲುಹಲ್ಲಿನ ಕೆಳಗೆ, ವಸಡಿನೊಳಗೆ ಶಾಶ್ವತ ಹಲ್ಲಿನ ಎನಾಮಲ್ ತಯಾರಾಗ್ತಾ ಇರೋ ವಯಸ್ಸಿನಲ್ಲಿ ಮಗು ಹೆಚ್ಚು ಫ್ಲೋರೈಡ್ ನುಂಗಿದ್ರೆ, ಆ ಎನಾಮಲ್ ಸರಿಯಾಗಿ ಗಟ್ಟಿಯಾಗಲ್ಲ. ಹಲ್ಲು ಆಚೆ ಬಂದಾಗಲೇ ಮಚ್ಚೆ ಇರುತ್ತೆ, ಆಮೇಲೆ ಅದೇ ಜಾಗ ಕಂದು ಹಿಡಿಯುತ್ತೆ. ಮುಂದಿನ ಹಲ್ಲುಗಳ ಹಣೆಬರಹ ಮೊದಲ ನಾಲ್ಕೈದು ವರ್ಷದಲ್ಲೇ ಬರೆದು ಮುಗಿದಿರುತ್ತೆ. ಎಂಟು ವರ್ಷ ದಾಟೋ ಹೊತ್ತಿಗೆ ಬುದ್ಧಿಹಲ್ಲು ಬಿಟ್ಟು ಉಳಿದೆಲ್ಲದರದ್ದೂ ಮುಗಿದಿರುತ್ತೆ. ಸೋಡಾ ಉಜ್ಜೋದು ಮೇಲಿನ ಕರೇನ. ಒಳಗಿನದಕ್ಕೆ ಅದರ ಕೈ ಎಟುಕಲ್ಲ. ಬೆಳ್ಳಗಾಗೋ ಪೇಸ್ಟಿನ ಯಾವ ಟ್ಯೂಬಿನ ಮೇಲಾದ್ರೂ 'ನೀರಿನಿಂದ ಬಂದ ಕರೆಗೆ ಇದು ಉಪಯೋಗವಿಲ್ಲ' ಅಂತ ಒಂದು ಸಾಲು ಇದೆಯಾ ಅಂತ ಹುಡುಕಿ ನೋಡಿ. ನಾನು ಹುಡುಕಿದ ಟ್ಯೂಬುಗಳಲ್ಲಿ ಇರಲಿಲ್ಲ. ಆ ಒಂದು ಸಾಲು ಇದ್ದಿದ್ರೆ ಅವಳ ದುಡ್ಡೂ ಉಳೀತಿತ್ತು, ವಸಡೂ ಉಳೀತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ತಾನು ಸರಿಯಾಗಿ ಉಜ್ಜದೇ ಇದ್ದದ್ದಕ್ಕೇ ಹೀಗಾಗಿದೆ ಅನ್ನೋ ಕೊರಗು ಇರ್ತಿರಲಿಲ್ಲ.

ನೀರಿಗೆ ಈ ಫ್ಲೋರೈಡ್ ಎಲ್ಲಿಂದ ಬಂತು? ನಂದಿ ಬೆಟ್ಟದಲ್ಲಿ ಹುಟ್ಟೋ ಅರ್ಕಾವತಿ ನಮ್ಮ ದೊಡ್ಡಬಳ್ಳಾಪುರದ ಕೆರೆಗಳನ್ನ ತುಂಬಿಸಿಕೊಂಡು ಹೋಗ್ತಿದ್ದ ಕಾಲದಲ್ಲಿ ಜನ ಕುಡೀತಿದ್ದದ್ದು ತೆರೆದ ಬಾವಿ ನೀರು. ಕೆರೆ ಒಣಗಿ ಬಾವಿ ಬತ್ತಿದ ಮೇಲೆ ಬೋರ್‌ವೆಲ್ ಬಂದ್ವು. ಮುನ್ನೂರು ಅಡಿ ಸಾಕಾಗ್ತಿದ್ದದ್ದು ಸಾವಿರ ಅಡಿ ದಾಟ್ತು. ದೇವನಹಳ್ಳಿ, ಹೊಸಕೋಟೆ ಕಡೆಗೂ ಇದೇ ಕಥೆ. ನಮ್ಮ ಕಾಲ ಕೆಳಗಿರೋದು ಗ್ರಾನೈಟು, ನೈಸ್ ಅನ್ನೋ ಗಟ್ಟಿ ಬಂಡೆ. ಅದರ ಖನಿಜಗಳಲ್ಲಿ ಫ್ಲೋರೈಡ್ ಇದೆ. ಆಳದ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಅದನ್ನ ಕರಗಿಸಿಕೊಳ್ಳುತ್ತೆ. ಇದರಲ್ಲೊಂದು ವಿಚಿತ್ರ ನೋಡಿ. ನೀರಿನಲ್ಲಿ ಸೋಡಿಯಂ, ಬೈಕಾರ್ಬೋನೇಟ್ ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ ಇದ್ದಷ್ಟೂ ಬಂಡೆಯಿಂದ ಫ್ಲೋರೈಡ್ ಹೆಚ್ಚು ಬಿಡುತ್ತೆ. ಸೋಡಿಯಂ ಬೈಕಾರ್ಬೋನೇಟ್ ಅಂದ್ರೆ ಅಡುಗೆ ಸೋಡಾನೇ! ನೆಲದೊಳಗೆ ಹಲ್ಲಿಗೆ ಕರೆ ತರೋಕೆ ಸಹಾಯ ಮಾಡಿದ ಪದಾರ್ಥವನ್ನೇ ಟ್ಯೂಬಿನಲ್ಲಿ ತುಂಬಿ, ಕರೆ ತೆಗೆಯುತ್ತೆ ಅಂತ ನಮ್ಮ ಹುಡುಗೀರಿಗೆ ಮಾರ್ತಿದಾರೆ.

ಕುಡಿಯೋ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ರೆ 1.5ರವರೆಗೆ ಪರವಾಗಿಲ್ಲ ಅನ್ನುತ್ತೆ ಭಾರತೀಯ ಮಾನಕ. ಪಕ್ಕದ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪಾವಗಡದ ಹೆಸರು ಈ ವಿಷಯಕ್ಕೆ ಪತ್ರಿಕೇಲಿ ಬರ್ತಾನೇ ಇರುತ್ತೆ. ನಮ್ಮ ಬೋರ್‌ವೆಲ್ಲುಗಳೂ ಅದೇ ಥರದ ಬಂಡೇಲಿ ಇಳಿದಿರೋದು.

ಇಷ್ಟು ಕೇಳಿದ ತಕ್ಷಣ ಊರಲ್ಲಿ ಓದಿದವರು ಒಂದು ತೀರ್ಮಾನಕ್ಕೆ ಬರ್ತಾರೆ: ನಮ್ಮ ನೀರಲ್ಲೇ ಫ್ಲೋರೈಡ್ ಇದೆ, ಪೇಸ್ಟಲ್ಲೂ ಯಾಕೆ, ಫ್ಲೋರೈಡ್ ಇಲ್ಲದ ಸೋಡಾ ಪೇಸ್ಟೇ ಸರಿ. ಕೇಳೋಕೆ ನ್ಯಾಯವಾಗಿದೆ. ಲೆಕ್ಕ ಹಾಕಿ ನೋಡೋಣ. ನಮ್ಮ ದೇಶದ ಕಾನೂನಿನ ಪ್ರಕಾರ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರಬಾರದು. ಅಂದ್ರೆ ಒಂದು ಗ್ರಾಂ ಪೇಸ್ಟಿಗೆ 1 ಮಿಲಿಗ್ರಾಂ. ಬಟಾಣಿ ಕಾಳಿನಷ್ಟು ಪೇಸ್ಟು ಅಂದ್ರೆ ಸುಮಾರು ಕಾಲು ಗ್ರಾಂ, ಅದರಲ್ಲಿ ಕಾಲು ಮಿಲಿಗ್ರಾಂ ಫ್ಲೋರೈಡ್. ಲೀಟರಿಗೆ 2 ಮಿಲಿಗ್ರಾಂ ಇರೋ ಬೋರ್ ನೀರನ್ನ ಮಗು ದಿನಕ್ಕೆ ಒಂದು ಲೀಟರ್ ಕುಡಿದ್ರೆ ಒಳಗೆ ಹೋಗೋದು 2 ಮಿಲಿಗ್ರಾಂ. ಎಂಟು ಸಲ ಹಲ್ಲುಜ್ಜಿ ಒಂದು ಹನೀನೂ ಉಗುಳದೆ ನುಂಗಿದ್ದಕ್ಕೆ ಸಮ. ಅದೇ ನೀರಲ್ಲಿ ಬೆಂದ ಮುದ್ದೆ, ಸಾರಿನ ಲೆಕ್ಕ ಬೇರೆ. ಪೇಸ್ಟನ್ನ ನಾವು ಉಗೀತೀವಿ, ನೀರನ್ನ ಕುಡೀತೀವಿ. ಫ್ಲೋರೈಡ್ ಹೊರಗಿನಿಂದ ಹಲ್ಲಿಗೆ ತಾಗಿದ್ರೆ ಕಾಯುತ್ತೆ, ಹಲ್ಲು ಬೆಳೆಯೋ ವಯಸ್ಸಲ್ಲಿ ಹೊಟ್ಟೆಗೆ ಹೆಚ್ಚು ಹೋದ್ರೆ ಕೆಡಿಸುತ್ತೆ. ಈ ಎರಡನ್ನ ಬೇರೆ ಮಾಡಿ ಹೇಳದೆ ಬರೀ 'ಫ್ಲೋರೈಡ್ ಫ್ರೀ' ಅಂತ ಬರೆದ್ರೆ, ನಮ್ಮಂಥಾ ಜಿಲ್ಲೇಲಿ ಅದು ಸರಿಯಾದ ಭಯಕ್ಕೆ ತಪ್ಪು ಔಷಧಿ ಮಾರಿದ ಹಾಗೆ. ಫ್ಲೋರೋಸಿಸ್ ಬಂದ ಹಲ್ಲೂ ಹುಳುಕಾಗುತ್ತೆ. ಮಗಳಿಗೆ ಈಗ ಹದಿನೇಳು, ಪೇಸ್ಟಿನಿಂದ ಹೊಸದಾಗಿ ಕರೆ ಬರೋ ವಯಸ್ಸು ದಾಟಿದೆ. ಫ್ಲೋರೈಡ್ ಬಿಟ್ಟರೆ ಅವಳಿಗೆ ಲಾಭ ಏನಿಲ್ಲ, ಇರೋ ರಕ್ಷಣೆಯೂ ಹೋಗುತ್ತೆ. ಆರು ವರ್ಷದೊಳಗಿನ ಮಕ್ಕಳ ಮಾತು ಬೇರೆ. ಅವರು ನುಂಗ್ತಾರೆ. ಮೂರು ವರ್ಷದೊಳಗೆ ಅಕ್ಕಿಕಾಳಷ್ಟು, ಆಮೇಲೆ ಬಟಾಣಿಯಷ್ಟು, ಪಕ್ಕದಲ್ಲಿ ದೊಡ್ಡವರು ನಿಂತು ಉಗಿಸಬೇಕು. ನೀರಲ್ಲಿ ಫ್ಲೋರೈಡ್ ಹೆಚ್ಚಿರೋ ಊರಾದ್ರೆ ಪುಟ್ಟ ಮಕ್ಕಳ ಪೇಸ್ಟನ್ನ ದಂತವೈದ್ಯರನ್ನ ಕೇಳಿಯೇ ತರಬೇಕು.

ಬಟಾಣಿಯಷ್ಟು ಅಂದೆ. ಜಾಹೀರಾತಲ್ಲಿ ನೋಡಿದೀರಾ? ಬ್ರಷ್ಷಿನ ಈ ತುದಿಯಿಂದ ಆ ತುದಿವರೆಗೂ ಪೇಸ್ಟು, ಕೊನೇಲಿ ಬಳುಕಿ ನಿಂತ ಅಲೆ. ಆ ಅಲೆಯ ಚಿತ್ರ ಯಾರದ್ದು ಅಂತ 2010ರಲ್ಲಿ ಅಮೆರಿಕದಲ್ಲಿ ಕೋಲ್ಗೇಟು, ಗ್ಲಾಕ್ಸೊಸ್ಮಿತ್‌ಕ್ಲೈನ್ ಕಂಪನಿಗಳು ಕೋರ್ಟಿಗೇ ಹೋಗಿದ್ವು. ಮಕ್ಕಳು ಎಷ್ಟು ಹಾಕ್ಕೊಬೇಕು ಅಂತ ಕಲಿಯೋದು ಆ ಚಿತ್ರ ನೋಡಿಯೇ. ಮುಂದೆ ಚಿತ್ರ ಅಷ್ಟುದ್ದ, ಹಿಂದೆ ಸಣ್ಣಕ್ಷರದಲ್ಲಿ ಬಟಾಣಿ.

ಇನ್ನೊಂದು ಮನೆಮದ್ದು ಹರಿದಾಡ್ತಾ ಇದೆ: ಸೋಡಾಗೆ ನಿಂಬೆರಸ ಹಿಂಡಿ ಉಜ್ಜಿ ಅಂತ. ನೊರೆ ಬಂದ್ರೆ ಏನೋ ಕೆಲಸ ಆಗ್ತಿದೆ ಅನ್ಸುತ್ತೆ. ಆಗ್ತಿರೋದು ಇಷ್ಟೆ: ಹುಳಿ ಮತ್ತು ಕ್ಷಾರ ಒಂದನ್ನೊಂದು ಹೊಡೆದುಹಾಕಿ ಗಾಳಿ ಬಿಡ್ತಿವೆ. ಸೋಡಾದ ಹುಳಿ ಕಳೆಯೋ ಗುಣ ಅಲ್ಲೇ ಮುಗೀತು. ನಿಂಬೆ ಜಾಸ್ತಿಯಾದ್ರೆ ಉಳಿಯೋದು ಹುಳಿ. ನಿಂಬೆರಸದ ಪಿಎಚ್ 2ರ ಸುತ್ತ, ಎನಾಮಲ್ ಕರಗೋಕೆ ಶುರುವಾಗೋದು 5.5ಕ್ಕೆ. ಹುಳಿಯಿಂದ ಮೆತ್ತಗಾದ ಹಲ್ಲನ್ನ ಬ್ರಷ್ಷಿನಿಂದ ತಿಕ್ಕಿದ್ರೆ ಏನಾಗುತ್ತೆ ಅಂತ ಯೋಚಿಸಿ. ಮೊದಲ ದಿನ ಹಲ್ಲು ಬೆಳ್ಳಗೆ ಕಾಣಬಹುದು. ವರ್ಷ ಕಳೆದ ಮೇಲೆ ಎನಾಮಲ್ ತೆಳುವಾಗಿ ಒಳಗಿನ ಹಳದಿ ಪದರ ಇಣುಕುತ್ತೆ, ತಣ್ಣೀರು ಕುಡಿದ್ರೆ ಜುಮ್ ಅನ್ನುತ್ತೆ. ಅಂಗಡೀಲಿ ಸೋಡಾ ಅಂತ ಕೇಳಿದ್ರೆ ಬಟ್ಟೆ ಸೋಡಾ ಕೊಡೋರೂ ಇದಾರೆ, ಅದು ಬಾಯಿಗೆ ಹಾಕೋ ಪದಾರ್ಥವೇ ಅಲ್ಲ.

ನಮ್ಮ ಹಿರಿಯರ ಕಡೆಗೂ ಬರ್ತೀನಿ. ಎಲೆ ಅಡಿಕೆ, ಹೊಗೆಸೊಪ್ಪಿನ ಕರೆಯನ್ನ ಸೋಡಾ ತಿಳಿ ಮಾಡುತ್ತೆ ಅಂದೆ. ನನಗೆ ಅಲ್ಲೇ ಕಸಿವಿಸಿ. ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಗಿದ್ದು 2013ರಲ್ಲಿ. ಈಗ ಪಾನ್ ಮಸಾಲಾ ಒಂದು ಪ್ಯಾಕೆಟ್ಟಲ್ಲಿ, ಹೊಗೆಸೊಪ್ಪು ಇನ್ನೊಂದರಲ್ಲಿ ಸಿಗುತ್ತೆ, ಅಂಗೈ ಮೇಲೆ ಎರಡೂ ಸೇರತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೊಗೆಸೊಪ್ಪನ್ನಷ್ಟೇ ಅಲ್ಲ, ಬರೀ ಅಡಿಕೆಯನ್ನೂ ಕ್ಯಾನ್ಸರ್ ತರೋ ಪದಾರ್ಥಗಳ ಪಟ್ಟೀಲಿ ಇಟ್ಟಿದೆ. ಅಗಿಯೋ ಬಾಯಿಯಲ್ಲಿ ನೋಡಬೇಕಾದ್ದು ಹಲ್ಲಿನ ಬಣ್ಣ ಅಲ್ಲ. ಕೆನ್ನೆಯ ಒಳಗೆ, ನಾಲಿಗೆಯ ಅಂಚಲ್ಲಿ ಒರೆಸಿದ್ರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ ಇದೆಯಾ, ಎರಡು ವಾರವಾದ್ರೂ ಮಾಯದ ಹುಣ್ಣಿದೆಯಾ, ಬಾಯಿ ಮೊದಲಿನಷ್ಟು ಅಗಲ ತೆರೆಯುತ್ತಾ ಅನ್ನೋದನ್ನ ನೋಡಬೇಕು. ಹಲ್ಲು ಬೆಳ್ಳಗಾದ್ರೆ ಮನುಷ್ಯ ಬಾಯಿ ಸರಿಯಾಯ್ತು ಅಂದ್ಕೊಂಡು ಇನ್ನೊಂದು ಪ್ಯಾಕೆಟ್ ಹರೀತಾನೆ.

ಇಷ್ಟೆಲ್ಲಾ ಟ್ಯೂಬಿನ ಮೇಲೆ ಬರೆಯೋಕಾಗಲ್ಲ, ನಿಜ. ಆದ್ರೆ ಕಾನೂನು ಬರೀಬೇಕು ಅಂದಿರೋದನ್ನಾದ್ರೂ ಕಾಣೋ ಹಾಗೆ ಬರೀಬಹುದಲ್ವಾ? ಫ್ಲೋರೈಡ್ ಎಷ್ಟು ಪಿಪಿಎಂ ಅನ್ನೋದನ್ನ ಟ್ಯೂಬಿನ ಮೇಲೂ ಡಬ್ಬಿ ಮೇಲೂ ಹಾಕಲೇಬೇಕು ಅಂತ ನಿಯಮ ಇದೆ. ಹಾಕಿರ್ತಾರೆ, ಟ್ಯೂಬಿನ ಬೆನ್ನಿಗೆ, ಮಡಚಿದ ತುದಿ ಹತ್ರ, ಇಂಗ್ಲಿಷಿನಲ್ಲಿ. ಪ್ಯಾಕೆಟ್ಟಿನ ವಿವರ ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ರೆ ಸಾಕು ಅನ್ನುತ್ತೆ 2011ರ ಪ್ಯಾಕೇಜ್ ನಿಯಮ. ಬೇರೆ ಭಾಷೇನೂ ಸೇರಿಸಬೇಡಿ ಅಂತ ಅದು ಎಲ್ಲೂ ಹೇಳಿಲ್ಲ. ಜಾಹೀರಾತಿಗೆ ಅಚ್ಚ ಕನ್ನಡ ಬೇಕು, ಟೀವೀಲಿ ನಮ್ಮ ನಟ ನಟಿಯರೇ ಬಂದು ಕನ್ನಡದಲ್ಲಿ ಹಲ್ಲು ತೋರಿಸಬೇಕು. ಎಷ್ಟು ಹಾಕಬೇಕು, ಯಾವ ವಯಸ್ಸಿಗೆ ಬೇಡ, ಒಳಗೇನಿದೆ ಅನ್ನೋದಕ್ಕೆ ಮಾತ್ರ ಕನ್ನಡ ಬೇಡ. ನಮ್ಮಕ್ಕ ಏಳನೇ ಕ್ಲಾಸು ಓದಿದಾಳೆ, ಕನ್ನಡ ಪತ್ರಿಕೆ ದಿನಾ ಓದ್ತಾಳೆ. ಟ್ಯೂಬಿನ ಬೆನ್ನು ಅವಳ ಪಾಲಿಗೆ ಖಾಲಿ.

ಸರ್ಕಾರದ ಕಡೆ ನೋಡಿದ್ರೆ, ಬಿಪಿಎಲ್ ಕಾರ್ಡಿನ ಹಿರಿಯರಿಗೆ ಪುಕ್ಕಟೆ ಹಲ್ಲುಸೆಟ್ ಕೊಡೋಕೆ 'ದಂತ ಭಾಗ್ಯ' ಅಂತ ಯೋಜನೆ ಮಾಡಿತು. ಒಳ್ಳೆ ಯೋಜನೆ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನೋ ಗಾದೆಯ ಎರಡನೇ ಅರ್ಧಕ್ಕೆ ಅದು ಪರಿಹಾರ. ಇರೋ ಹಲ್ಲು ಉಳಿಯೋ ದಾರಿ ನೀರಿನಲ್ಲಿದೆ. ಹಳ್ಳಿಗಳಲ್ಲಿ ಈಗ ಶುದ್ಧ ಕುಡಿಯುವ ನೀರಿನ ಘಟಕಗಳಿವೆ, ಕಾಯಿನ್ ಹಾಕಿದ್ರೆ ಇಪ್ಪತ್ತು ಲೀಟರ್ ಕ್ಯಾನು ತುಂಬುತ್ತೆ. ಆರ್‌ಓ ಯಂತ್ರ ಸರಿಯಾಗಿದ್ರೆ ಫ್ಲೋರೈಡನ್ನ ತೆಗೆಯುತ್ತೆ. ಮೆಂಬ್ರೇನ್ ಹಾಳಾಗಿ, ಕರೆಂಟ್ ಹೋಗಿ ಘಟಕ ತಿಂಗಳುಗಟ್ಟಲೆ ಬಾಗಿಲು ಹಾಕಿದಾಗ ಜನ ಮತ್ತೆ ನಲ್ಲಿ ನೀರಿಗೆ ಹೋಗ್ತಾರೆ. ಕೆಲವರು ಕಾಯಿಸಿ ಕುಡೀತೀವಿ ಬಿಡಿ ಅಂತಾರೆ. ಕಾಯಿಸಿದ್ರೆ ಕ್ರಿಮಿ ಸಾಯತವೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಅದು ಇನ್ನಷ್ಟು ಸಾಂದ್ರ ಆಗುತ್ತೆ. 'ಮನೆಮನೆಗೆ ಗಂಗೆ' ಯೋಜನೇಲಿ ನಲ್ಲಿ ಬಂದಿದೆ, ಸಂತೋಷ. ನಲ್ಲಿಯಲ್ಲಿ ಬರೋದು ಅದೇ ಬೋರ್ ನೀರಾದ್ರೆ, ಪರೀಕ್ಷೆಯ ಫಲಿತಾಂಶವನ್ನ ಪಂಚಾಯ್ತಿ ಬೋರ್ಡಿನ ಮೇಲೆ ಬರೀಬೇಕು ಅಂತ ಕೇಳೋ ಹಕ್ಕು ನಮಗಿದೆ.

ಹಾಗಾದ್ರೆ ಸೋಡಾ ಪೇಸ್ಟು ತಗೊಬೇಕಾ ಬೇಡ್ವಾ? ರುಚಿ ಒಗ್ಗಿದ್ರೆ, ದುಡ್ಡಿದ್ರೆ, ಬೆನ್ನ ಮೇಲೆ ಫ್ಲೋರೈಡ್ 1000 ಪಿಪಿಎಂ ಹತ್ರ ಇದ್ರೆ ಧಾರಾಳವಾಗಿ ತಗೊಳ್ಳಿ. ಇಲ್ಲಾಂದ್ರೆ ನಿಮ್ಮೂರಿನ ಅಂಗಡೀಲಿ ಸಿಗೋ ಇಪ್ಪತ್ತು ರೂಪಾಯಿಯ ಸಾದಾ ಫ್ಲೋರೈಡ್ ಪೇಸ್ಟು ಹುಳುಕಿನ ವಿಷಯದಲ್ಲಿ ಅದಕ್ಕಿಂತ ಒಂದು ಗುಲಗಂಜಿಯೂ ಕಮ್ಮಿ ಇಲ್ಲ. ಮೆತ್ತನೆ ಬ್ರಷ್ಷು, ರಾತ್ರಿ ಮಲಗೋ ಮುಂಚೆ ಒಂದು ಸಲ ತಪ್ಪದೆ ಉಜ್ಜೋದು, ಟೀ ಬಿಸ್ಕತ್ತಿನ ನಡುವೆ ಹಲ್ಲಿಗೆ ಒಂದಿಷ್ಟು ಬಿಡುವು, ಇವು ಯಾವ ಟ್ಯೂಬಿನ ಮುಂಭಾಗಕ್ಕೂ ಬರದ ಹಳೇ ಮಾತುಗಳು.

ನಮ್ಮ ಮಗಳಿಗೆ ಹೇಳಿದ್ದೂ ಇಷ್ಟೇ, ಜೊತೆಗೆ ಇನ್ನೊಂದು. ಅಂಥಾ ಕರೆಗೆ ದಂತವೈದ್ಯರ ಹತ್ರ ದಾರಿಗಳಿವೆ. ಮೇಲಿನ ತೆಳು ಪದರವನ್ನ ಹದವಾಗಿ ತೆಗೆಯೋದು, ಬ್ಲೀಚ್ ಮಾಡೋದು, ಹಲ್ಲಿನ ಬಣ್ಣದ್ದೇ ಲೇಪ ಕೂರಿಸೋದು. ಎಷ್ಟು ಆಳದ ಕರೆ ಅಂತ ಅವರೇ ನೋಡಿ ಹೇಳಬೇಕು. ಖರ್ಚಿದೆ, ತಕ್ಷಣ ಆಗಲೇಬೇಕಾದ್ದೂ ಅಲ್ಲ. ತಾಲೂಕು ಆಸ್ಪತ್ರೇಲಿ ದಂತವೈದ್ಯರು ಇರ್ತಾರೆ, ತೋರಿಸೋಕೆ ಚೀಟಿ ದುಡ್ಡು ಸಾಕು. ಅಲ್ಲಿವರೆಗೂ ವಸಡನ್ನ ಉಜ್ಜಿ ಉಜ್ಜಿ ಗಾಯ ಮಾಡ್ಕೋಬೇಡ ಅಂದೆ. ಅವಳ ತಮ್ಮನಿಗೆ ಈಗ ಮೂರು ವರ್ಷ. ಮನೇಲಿ ಈಗ ಅವನಿಗೆ ಮಾತ್ರ ಕ್ಯಾನ್ ನೀರು, ಉಳಿದೋರಿಗೆ ನಲ್ಲಿ ನೀರು. ಅಕ್ಕ ಯಾವ ಜಾಹೀರಾತನ್ನೂ ನೋಡದೆ, ಯಾವ ಟ್ಯೂಬನ್ನೂ ಓದದೆ ಮಾಡಿದ ತೀರ್ಮಾನ ಅದು. ಈ ವಿಷಯದಲ್ಲಿ ನಾನು ನೋಡಿದ್ದರಲ್ಲಿ ಬುದ್ಧಿವಂತ ತೀರ್ಮಾನವೂ ಅದೇ.